ಬೈಕಿನ ಕ್ಲಚ್ ಮನೆಯಲ್ಲೇ ಬಿಚ್ಚುವವರಿಗೆ



ಕ್ಯಾನು ಕಟ್ಟಿಕೊಂಡು ದಿಣ್ಣೆ ಹತ್ತುವಾಗ ಇಂಜಿನ್ ಅಬ್ಬರಿಸಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸಂಘಕ್ಕೆ ತಡವಾದರೆ ಹಾಲು ಹುಳಿಯಾಗಿ ವಾಪಸ್ಸು ಬರುತ್ತದೆ.

ಮೊದಲು ಕ್ಲಚ್ ಹಿಡಿಯ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲವಿದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ. ಎಷ್ಟೋ ಸಲ ಸಡಿಲಿಸಿದರೆ ಸಾಕು.

ಸರಿಹೋಗದಿದ್ದರೆ ಬೆಳಗಿನ ಹಾಲು ಹಾಕಿ ಬಂದ ಮೇಲೆ ಕೆಲಸಕ್ಕೆ ಕೂಡಿ. ಸಾಮಾನ್ಯ 100 ಸಿ.ಸಿ. ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಇರುತ್ತವೆ. ಆದ್ದರಿಂದ ಮೊದಲು ಆಯಿಲ್ ಇಳಿಸಿ. ಕೇಬಲ್, ಕಿಕ್ಕರ್ ಕಳಚಿ ಬಲಬದಿಯ ಕವರ್ ತೆಗೆಯಿರಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಜೋಡಿಸಿಡಿ. ಸವೆದ ಪ್ಲೇಟು, ನೀಲಿಗಟ್ಟಿದ ಅಥವಾ ಸೊಟ್ಟಗಾದ ಉಕ್ಕಿನ ಪ್ಲೇಟು ಬದಲಿಸಿ. ಹೊಸ ಪ್ಲೇಟುಗಳನ್ನು ಆಯಿಲಿನಲ್ಲಿ ನೆನೆಸಿ ಕೂರಿಸಿ. ಕವರಿನ ಪ್ಯಾಕಿಂಗ್ ಹೊಸದೇ ಹಾಕಿ. ನಡುವಿನ ದೊಡ್ಡ ನಟ್ಟು ತೆಗೆಯಲು ಬೇರೆ ಉಪಕರಣ ಬೇಕು. ಅದನ್ನು ಮೆಕ್ಯಾನಿಕ್ಕಿಗೆ ಬಿಡಿ. ಕೊನೆಗೆ ಬೈಕಿನ ಆಯಿಲನ್ನೇ ತುಂಬಿ. ಕಾರಿನ ಕೆಲವು ಆಯಿಲುಗಳಿಂದ ಕ್ಲಚ್ ಮತ್ತೆ ಜಾರುತ್ತದೆ.

ಇಳಿಸಿದ ಕರಿ ಆಯಿಲನ್ನು ಕೊಟ್ಟಿಗೆಯ ಬಳಿ ಚೆಲ್ಲಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಗ್ಯಾರೇಜಿಗೆ ಕೊಡಿ. ಅದನ್ನು ನೆಕ್ಕಿದ ರಾಸುವಿಗೆ ವಿಷಬಾಧೆಯಾದೀತು. ಗಾಯಕ್ಕೂ ಕಜ್ಜಿಗೂ ಕರಿ ಆಯಿಲ್ ಹಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ಚರ್ಮ ಹಾಳಾಗುತ್ತದೆ, ರಾಸು ಅದನ್ನೇ ನೆಕ್ಕುತ್ತದೆ. ನೆಕ್ಕಿದ ಅನುಮಾನವಿದ್ದರೆ ಕೂಡಲೇ ಪಶುವೈದ್ಯರನ್ನು ಕರೆಸಿ.

ಹಾಲು ಬೇಗ ವಾಸನೆ ಹೀರುತ್ತದೆ. ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದ ನಂತರವೇ ಸಂಜೆಯ ಹಾಲು ಕರೆಯಿರಿ.