ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರ

ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರವು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ರೂಪುಗೊಂಡ ಈ ಕ್ಷೇತ್ರಕ್ಕೆ 2009ರಲ್ಲಿ ಮೊದಲ ಚುನಾವಣೆ ನಡೆಯಿತು. ಅಂದಿನಿಂದ 2024ರವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಭಾರತೀಯ ಜನತಾ ಪಕ್ಷದ ಪಿ. ಸಿ. ಮೋಹನ್ ಜಯಗಳಿಸಿದ್ದಾರೆ.

ವ್ಯಾಪ್ತಿ

ಸರ್ವಜ್ಞನಗರ, ಸಿ. ವಿ. ರಾಮನ್ ನಗರ, ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ರಾಜಾಜಿನಗರ, ಚಾಮರಾಜಪೇಟೆ ಮತ್ತು ಮಹದೇವಪುರ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಇದರ ವ್ಯಾಪ್ತಿಯಲ್ಲಿವೆ. ಇವುಗಳಲ್ಲಿ ಸಿ. ವಿ. ರಾಮನ್ ನಗರ ಮತ್ತು ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲು. ಹಲಸೂರು ಶಿವಾಜಿನಗರ ಕ್ಷೇತ್ರಕ್ಕೆ ಸೇರಿದೆ. ನೆರೆಯ ಕೆ. ಆರ್. ಪುರವು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿದೆ.

ಮತದಾರರ ಸ್ವರೂಪ

ಮತದಾರರ ಪಟ್ಟಿಯಲ್ಲಿ ಜಾತಿ, ಧರ್ಮ ಅಥವಾ ಮಾತೃಭಾಷೆಯನ್ನು ನಮೂದಿಸುವುದಿಲ್ಲ. ಆದ್ದರಿಂದ ಸಮುದಾಯವಾರು ಅಂಕಿಗಳೆಂದು ಪ್ರಚಾರದಲ್ಲಿರುವುವು ಅಂದಾಜುಗಳು ಮಾತ್ರ. ಆದರೂ ಪ್ರದೇಶಗಳ ಇತಿಹಾಸದಿಂದ ಮತದಾರರ ಸ್ವರೂಪವನ್ನು ತಿಳಿಯಬಹುದು.

1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡುಪ್ರದೇಶವು 1949ರಲ್ಲಿ ಪೇಟೆಯೊಡನೆ ಒಂದೇ ನಗರಪಾಲಿಕೆಯಡಿ ಸೇರಿತು. ಸೈನ್ಯದ ಅಗತ್ಯಗಳನ್ನು ಪೂರೈಸಲು ಬಂದು ನೆಲೆಸಿದವರಿಂದಾಗಿ ಶಿವಾಜಿನಗರ ಮತ್ತು ಹಲಸೂರುಗಳಲ್ಲಿ ತಮಿಳು ಹಾಗೂ ಉರ್ದು ಮಾತನಾಡುವವರು, ಮುಸ್ಲಿಮರು ಮತ್ತು ಕ್ರೈಸ್ತರು ಗಣನೀಯವಾಗಿದ್ದಾರೆ. ಪಶ್ಚಿಮದ ಗಾಂಧಿನಗರವು ವ್ಯಾಪಾರದ ಕೇಂದ್ರ. ಪೂರ್ವದ ಮಹದೇವಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವ ಮೊದಲು ಪ್ರತ್ಯೇಕ ನಗರಸಭೆಯಾಗಿತ್ತು. ವೈಟ್‌ಫೀಲ್ಡ್ ಸುತ್ತಮುತ್ತ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ದೇಶದ ನಾನಾ ಭಾಗಗಳಿಂದ ಬಂದ ಉದ್ಯೋಗಿಗಳೂ ಕೂಲಿಕಾರರೂ ಇಲ್ಲಿ ನೆಲೆಸಿದರು.

ಪುನರ್ವಿಂಗಡಣೆಗೆ 2001ರ ಜನಗಣತಿಯೇ ಆಧಾರವಾಗಿತ್ತು. ಆ ಬಳಿಕ ಪೂರ್ವದ ಅಂಚು ಬೆಳೆಯಿತು, ಗಡಿಗಳು ಬದಲಾಗಲಿಲ್ಲ. ಹೀಗಾಗಿ ಶಿವಾಜಿನಗರದಲ್ಲಿ ಸುಮಾರು 2 ಲಕ್ಷ ಮತದಾರರಿದ್ದರೆ ಮಹದೇವಪುರದಲ್ಲಿ 6 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ.

ಚುನಾವಣಾ ಫಲಿತಾಂಶಗಳು

* 2009: ಮೋಹನ್ ಅವರು ಕಾಂಗ್ರೆಸ್‌ನ ಎಚ್. ಟಿ. ಸಾಂಗ್ಲಿಯಾನ ಅವರನ್ನು 35,218 ಮತಗಳಿಂದ ಸೋಲಿಸಿದರು.
* 2014: ಕಾಂಗ್ರೆಸ್‌ನ ರಿಜ್ವಾನ್ ಅರ್ಷದ್ ಎದುರು ಅಂತರ 1,37,500ಕ್ಕೆ ಏರಿತು.
* 2019: ಅದೇ ಎದುರಾಳಿಯ ವಿರುದ್ಧ ಅಂತರ 70,968ಕ್ಕೆ ಇಳಿಯಿತು. ನಟ ಪ್ರಕಾಶ್ ರಾಜ್ ಪಕ್ಷೇತರರಾಗಿ ಸ್ಪರ್ಧಿಸಿದ್ದರು.
* 2024: ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ ಎದುರು ಅಂತರ 32,707.

ರಾಜಕೀಯ ಒಲವು

2023ರ ವಿಧಾನಸಭಾ ಚುನಾವಣೆಯಲ್ಲಿ ಎಂಟರ ಪೈಕಿ ಐದು ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತು. ಗಾಂಧಿನಗರದಲ್ಲಿ ಗೆಲುವಿನ ಅಂತರ ಕೇವಲ 105 ಮತಗಳು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಶಿವಾಜಿನಗರ, ಸರ್ವಜ್ಞನಗರ, ಶಾಂತಿನಗರ ಮತ್ತು ಚಾಮರಾಜಪೇಟೆಗಳಲ್ಲಿ ಕಾಂಗ್ರೆಸ್ ಮುನ್ನಡೆ ಪಡೆಯಿತು. ಆದರೆ ಮಹದೇವಪುರವೊಂದರಲ್ಲೇ ಭಾಜಪಕ್ಕೆ 1,14,046 ಮತಗಳ ಮುನ್ನಡೆ ದೊರೆತು ಫಲಿತಾಂಶವನ್ನು ನಿರ್ಧರಿಸಿತು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಕಾಂಗ್ರೆಸ್ ಸುಮಾರು 81 ಸಾವಿರ ಮತಗಳಿಂದ ಮುಂದಿತ್ತು.

ಮತದಾನದ ಪ್ರಮಾಣವೂ ಗಮನಾರ್ಹ. 2024ರಲ್ಲಿ ರಾಜ್ಯದಲ್ಲಿ ಶೇ. 70ಕ್ಕೂ ಹೆಚ್ಚು ಮತದಾನವಾದರೆ ಇಲ್ಲಿ ಸುಮಾರು ಶೇ. 54ರಷ್ಟು ಮಾತ್ರ ಆಯಿತು. ಮತಗಟ್ಟೆಗೆ ಬಾರದವರ ಸಂಖ್ಯೆಯು ಗೆಲುವಿನ ಅಂತರಕ್ಕಿಂತ ಹಲವು ಪಟ್ಟು ಹೆಚ್ಚು.

ಮತದಾರರ ಪಟ್ಟಿಯ ವಿವಾದ

2025ರ ಆಗಸ್ಟ್ 7ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ ಅವರು ಮಹದೇವಪುರದ ಪಟ್ಟಿಯಲ್ಲಿ 1,00,250 ಅಕ್ರಮ ಮತಗಳಿದ್ದವೆಂದು ಆರೋಪಿಸಿದರು. ಚುನಾವಣಾ ಆಯೋಗವು ಆರೋಪವನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಲಿಖಿತ ಹೇಳಿಕೆ ನೀಡುವಂತೆ ಅವರನ್ನು ಕೇಳಿತು. ಈ ವಿವಾದದಿಂದ ಮಹದೇವಪುರದ ಮತದಾರರ ಪಟ್ಟಿಯು ರಾಷ್ಟ್ರಮಟ್ಟದ ಚರ್ಚೆಯ ವಿಷಯವಾಯಿತು.