ಪರ್ಣಶಾಲೆಗಳ ಹಬ್ಬ

ಪರ್ಣಶಾಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಪಂಚವಟಿಗೆ ಹೋಗುತ್ತದೆ. ಗೋದಾವರಿಯ ದಂಡೆ, ಲಕ್ಷ್ಮಣನು ಕಡಿದು ತಂದ ಮರ, ಹೊದಿಸಿದ ಎಲೆ, ಅರಮನೆಯಲ್ಲಿ ಬೆಳೆದವಳೊಬ್ಬಳು ಸುಖವಾಗಿ ಬಾಳಿದ ಗುಡಿಸಲು—ಇಷ್ಟೂ ಆ ಒಂದು ಪದದ ಬೆನ್ನಿಗೆ ಬಂದು ನಿಲ್ಲುತ್ತವೆ. ಬೈಬಲ್ಲನ್ನು ಕನ್ನಡಕ್ಕೆ ತಂದವರು ಯೆಹೂದ್ಯರ ಹಬ್ಬವೊಂದಕ್ಕೆ ಹೆಸರು ಹುಡುಕುವಾಗ ಈ ಪದವನ್ನೇ ಆರಿಸಿಕೊಂಡರು. ಹೀಬ್ರೂ ಭಾಷೆಯ ‘ಸುಕ್ಕೋತ್’ ನಮ್ಮಲ್ಲಿ ಪರ್ಣಶಾಲೆಗಳ ಹಬ್ಬವಾಯಿತು. ಅವರು ಬಲ್ಲೇ ಮಾಡಿದರೋ ಬಾಯಿಗೆ ಬಂದ ಒಳ್ಳೆಯ ಮಾತೆಂದು ಬಳಸಿದರೋ, ವನವಾಸದ ವಾಸನೆಯೊಂದು ಹೆಸರಿನೊಳಗೆ ತಾನಾಗಿ ಸೇರಿಕೊಂಡಿತು. ಮೂಲದ ಹಬ್ಬವೂ ವನವಾಸದ ನೆನಪೇ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾಗಿ ಬಂದ ಪೂರ್ವಿಕರು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರು. ಆ ಕಾಲದಲ್ಲಿ ಅವರಿಗಿದ್ದುದು ಗುಡಾರದ ಬಾಳು. ಸಂತತಿಯವರು ಅದನ್ನು ಮರೆಯದಿರಲೆಂದು ವರ್ಷಕ್ಕೆ ಏಳು ದಿನ ಗಟ್ಟಿ ಮನೆಯನ್ನು ಬಿಟ್ಟು ಎಲೆಯ ಮಾಡಿನ ಕೆಳಗೆ ಇರತಕ್ಕದ್ದೆಂದು ಯಾಜಕಕಾಂಡದ ವಿಧಿ.

ಇದೇ ಹಬ್ಬಕ್ಕೆ ವಿಮೋಚನಕಾಂಡದಲ್ಲಿ ಸುಗ್ಗಿಯ ಹಬ್ಬವೆಂಬ ಇನ್ನೊಂದು ಮುಖವಿದೆ. ಫಲವನ್ನೆಲ್ಲ ಕೂಡಿಟ್ಟುಕೊಂಡ ಮೇಲೆ ಬರುವ ಸಂತೋಷ ಅದು. ವಿದ್ವಾಂಸರಲ್ಲಿ ಕೆಲವರು, ಆ ಗುಡಿಸಲು ಮೊದಲಿಗೆ ದ್ರಾಕ್ಷಿಯ ತೋಟವನ್ನೂ ಹೊಲವನ್ನೂ ಕಾಯುತ್ತಿದ್ದವರ ಗುಡಿಸಲೇ ಆಗಿತ್ತು, ಮರುಭೂಮಿಯ ಕಥೆ ಅನಂತರ ಬಂದು ಕೂಡಿತು ಎನ್ನುತ್ತಾರೆ. ನನ್ನಂಥ ಬದನಗುಪ್ಪೆಯವನಿಗೆ ಈ ವಾದ ಬಹುಬೇಗ ರುಚಿಸುತ್ತದೆ. ಜೋಳ ಹಾಲುಗಟ್ಟುವ ಕಾಲಕ್ಕೆ ನಾಲ್ಕು ಗಳುಗಳ ಮೇಲೆ ಅಟ್ಟಣೆ ಕಟ್ಟಿ, ಸೋಗೆ ಹೊದಿಸಿ, ಹಂದಿಯನ್ನೂ ಹಕ್ಕಿಯನ್ನೂ ಕಾಯುತ್ತ ಮಲಗಿದ್ದವರಿಗೆ ಸಂದಿನಲ್ಲಿ ನಕ್ಷತ್ರ ಕಾಣುವ ಮಾಡು ಹೊಸದಲ್ಲ. ನಮ್ಮ ಕಡೆ ಅದನ್ನು ಗುಡ್ಲು ಎನ್ನುತ್ತಾರೆ. ಪರ್ಣಶಾಲೆ ಎಂದರೆ ಋಷಿಗಳದ್ದು, ಗುಡ್ಲು ಎಂದರೆ ಹೊಲದ ಕಾವಲಿನವನದ್ದು. ಯೆಹೂದ್ಯರ ಸುಕ್ಕಾ ಇವೆರಡರ ನಡುವೆ ಎಲ್ಲೋ ಇದೆ.

ಕಾಲವೂ ನಮಗೆ ಪರಿಚಿತವಾದದ್ದೇ. ಅವರ ತಿಂಗಳುಗಳು ನಮ್ಮವುಗಳಂತೆ ಚಂದ್ರನನ್ನು ಅನುಸರಿಸಿ, ಅಧಿಕಮಾಸವನ್ನು ಸೇರಿಸಿಕೊಂಡು ಋತುವಿನೊಡನೆ ನಡೆಯುತ್ತವೆ. ತಿಶ್ರಿ ಮಾಸದ ಹತ್ತನೆಯ ದಿನ ಮಹಾಪ್ರಾಯಶ್ಚಿತ್ತದ ಉಪವಾಸ. ಹದಿನೈದಕ್ಕೆ, ಹುಣ್ಣಿಮೆಯಂದು, ಪರ್ಣಶಾಲೆ. 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2—ಎರಡು ವರ್ಷವೂ ಅವರ ಉಪವಾಸದ ಹಗಲು ನಮ್ಮ ವಿಜಯದಶಮಿಯಾಗಿತ್ತು. ಮೈಸೂರಿನಲ್ಲಿ ಜಂಬೂಸವಾರಿ ಹೊರಟ ಹೊತ್ತಿನಲ್ಲಿ ಅವರು ಅನ್ನನೀರು ಬಿಟ್ಟು ಪ್ರಾರ್ಥನೆಯಲ್ಲಿದ್ದರು. ಅಲ್ಲಿಂದ ನಾಲ್ಕೈದು ದಿನಕ್ಕೆ ನಮ್ಮ ರೈತರು ಶೀಗೆ ಹುಣ್ಣಿಮೆಯೆಂದು ಭೂಮಿತಾಯಿಗೆ ಎಡೆಯಿಡುವಾಗ ಅವರು ಗುಡಿಸಲನ್ನು ಹೊಕ್ಕಿದ್ದರು. ಎಲ್ಲ ವರ್ಷವೂ ಹೀಗೆ ಕೂಡಿಬರುವುದಿಲ್ಲ. 2023ರಲ್ಲಿ ಅವರ ಹಬ್ಬ ಭಾದ್ರಪದದ ಹುಣ್ಣಿಮೆಗೇ ಬಂದಿತ್ತು.

ಗುಡಿಸಲೆಂದ ಮಾತ್ರಕ್ಕೆ ಹೇಗೆ ಬೇಕೋ ಹಾಗೆ ಕಟ್ಟುವಂತಿಲ್ಲ. ಗೋಡೆ ಯಾವುದರದ್ದಾದರೂ ಆಗಬಹುದು—ಕಲ್ಲು, ಹಲಗೆ, ಬಟ್ಟೆ. ನಿಯಮವೆಲ್ಲ ಮಾಡಿಗೆ. ಅದು ನೆಲದಲ್ಲಿ ಬೆಳೆದದ್ದಾಗಿರಬೇಕು, ಆದರೆ ನೆಲದಿಂದ ಕಡಿದದ್ದಾಗಿರಬೇಕು. ಹೆಂಚು ಮಣ್ಣಿನದಾದರೂ ಬೆಳೆದದ್ದಲ್ಲ, ಸಲ್ಲದು. ನಮ್ಮ ಹಿತ್ತಿಲಿನ ಹಾಗಲಬಳ್ಳಿಯ ಚಪ್ಪರ ಬೆಳೆದದ್ದಾದರೂ ಬೇರು ಬಿಟ್ಟು ಬಂದದ್ದಲ್ಲ, ಅದೂ ಸಲ್ಲದು. ಮರದ ಕೆಳಗೆ ಕಟ್ಟಬಾರದು. ಮೇಲೆ ಬರಿಯ ಆಕಾಶವೇ ಇರಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಇಪ್ಪತ್ತು ಮೊಳಕ್ಕಿಂತ ಎತ್ತರವಾಗಬಾರದು. ಮಳೆ ಬಂದು ಊಟ ಕೆಡುವಂತಾದರೆ ಎದ್ದು ಮನೆಯೊಳಕ್ಕೆ ಹೋಗಬಹುದು. ಧರ್ಮಶಾಸ್ತ್ರಕಾರರು ಕಷ್ಟವನ್ನು ವಿಧಿಸಿದವರಲ್ಲ, ಅಭದ್ರತೆಯನ್ನು ಮಾತ್ರ ವಿಧಿಸಿದರು. ಈ ಭೇದವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ.

ಪುಸ್ತಕದಲ್ಲಿ ಓದಿದ್ದ ಈ ಹಬ್ಬವನ್ನು ಕಣ್ಣಾರೆ ಕಂಡದ್ದು ಮಟ್ಟಾಂಚೇರಿಯಲ್ಲಿ. ಬದನಗುಪ್ಪೆಯಿಂದ ನೋಡಿದರೆ ಅದು ಅಷ್ಟೇನೂ ದೂರದ ದೇಶವಲ್ಲ. ಗುಂಡ್ಲುಪೇಟೆಯಿಂದ ಬಸ್ಸು ಹಿಡಿದು ಕಾಡು ದಾಟಿದರೆ ವೈನಾಡು, ಘಟ್ಟ ಇಳಿದರೆ ಕಲ್ಲಿಕೋಟೆ, ಅಲ್ಲಿಂದ ರೈಲು. 1980ರ ದಶಕದ ಕೊನೆಯಲ್ಲಿ, ದಸರೆಯ ರಜೆ ಇನ್ನೂ ಮುಗಿಯದಿದ್ದ ಒಂದು ವಾರ, ಪರಿಚಯದವರೊಬ್ಬರ ಪತ್ರವನ್ನು ಹಿಡಿದು ಕೊಚ್ಚಿಯ ಯೆಹೂದ್ಯರ ಬೀದಿಗೆ ಹೋದೆ. ಮನೆಯ ಯಜಮಾನರು ಎಪ್ಪತ್ತು ದಾಟಿದ್ದವರು. ನಾನು ಉಪಾಧ್ಯಾಯನೆಂದು ತಿಳಿದೊಡನೆ ‘ಮಾಷೆ’ ಎಂದು ಕರೆಯತೊಡಗಿದರು. ಮೂರು ದಿನವೂ ನನಗೆ ಅದೇ ಹೆಸರು.

ಅಂಗಳದಲ್ಲಿ ಗುಡಿಸಲು ಸಿದ್ಧವಾಗಿತ್ತು. ಬಿದಿರಿನ ಕಂಬ, ಮೇಲೆ ಹಸಿಯ ತೆಂಗಿನ ಗರಿ, ಒಳಗೆ ಬಿಳಿಯ ಬಟ್ಟೆ ಹಾಸಿದ ಮೇಜು. ನಮ್ಮ ಮದುವೆಯ ಚಪ್ಪರಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಸೂರ್ಯ ಇಳಿಯುವ ಮುನ್ನ ಮನೆಯಾಕೆ ದೀಪ ಹಚ್ಚಿದರು. ಯಜಮಾನರು ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಹೀಬ್ರೂವಿನಲ್ಲಿ ಮಂತ್ರ ಹೇಳಿ, ಈ ಗುಡಿಸಲಿನಲ್ಲಿ ಕುಳಿತುಕೊಳ್ಳುವ ಆಜ್ಞೆಗಾಗಿ ದೇವರನ್ನು ಸ್ತುತಿಸಿದರು. ಹಬ್ಬದ ಏಳು ದಿನಕ್ಕೆ ಏಳು ಮಂದಿ ಅದೃಶ್ಯ ಅತಿಥಿಗಳನ್ನು ಕರೆಯುವ ಸಂಪ್ರದಾಯವೂ ಅವರಲ್ಲಿದೆ: ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದ. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಮನೆ ಬಿಟ್ಟು ಅಲೆದವರೇ. ಪಿತೃಗಳಿಗೆ ಎಲೆ ಹಾಕಿ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ರಾತ್ರಿ ಮೇಜಿನ ಸುತ್ತ ಇದ್ದ ದೃಶ್ಯ ಅತಿಥಿ ನಾನೊಬ್ಬನೇ.

ಊಟದ ನಡುವೆ ತುಲಾವರ್ಷದ ಮಳೆ ಶುರುವಾಯಿತು. ಗರಿಯ ಸಂದಿನಿಂದ ಹನಿಗಳು ತಟ್ಟೆಗೆ ಬಿದ್ದವು. ಯಜಮಾನರು ತಲೆಯೆತ್ತಿ ನೋಡಿದರು, ತಟ್ಟೆಯನ್ನು ನೋಡಿದರು, ಇನ್ನೊಂದು ತುತ್ತು ತಿಂದರು. “ಸಾರು ಕೆಟ್ಟಿತೇ?” ಎಂದು ಮನೆಯಾಕೆ ಕೇಳಿದರು. “ಇನ್ನೂ ಇಲ್ಲ” ಎಂದರು ಅವರು. ಕೊನೆಗೆ ಸಾರು ನೀರಾದ ಮೇಲೆಯೇ ಎದ್ದದ್ದು.

ಮೇಜಿನ ಮೇಲೆ ನಾರಿನ ಹಾಸಿಗೆಯಲ್ಲಿ ಮಗುವಿನಂತೆ ಮಲಗಿಸಿದ್ದ ಹಳದಿಯ ಹಣ್ಣೊಂದನ್ನು ತೋರಿಸಿ, ಇದು ಎತ್ರೋಗ್, ನಿಮ್ಮಲ್ಲಿ ಇದನ್ನು ಕಂಡಿರಾರಿರಿ ಎಂದರು. ಕಂಡಿರದೆ ಏನು! ಅದು ನಮ್ಮ ಮಾದಲ; ಹೇರಳೆಯ ನಂಟ. ಸಂಸ್ಕೃತದಲ್ಲಿ ಮಾತುಲುಂಗ, ಕೊಲ್ಲಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವ ಹಣ್ಣು. ಹಬ್ಬದ ದಿನಗಳಲ್ಲಿ ಯೆಹೂದ್ಯರು ಈ ಹಣ್ಣನ್ನೂ, ಖರ್ಜೂರದ ಬಿಚ್ಚದ ಸುಳಿಯೊಂದನ್ನೂ, ಮರ್ಟಲ್ ಎಂಬ ಸುಗಂಧದ ಗಿಡದ ಮೂರು ಕಡ್ಡಿಗಳನ್ನೂ, ನೀರವಂಜಿಯ ಎರಡು ಕಡ್ಡಿಗಳನ್ನೂ ಕೂಡಿಸಿ ಹಿಡಿದು, ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಆಡಿಸುತ್ತಾರೆ. ಹಣ್ಣಿಗೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ. ಮರ್ಟಲ್ಲಿಗೆ ಪರಿಮಳ ಮಾತ್ರ. ನೀರವಂಜಿಗೆ ಎರಡೂ ಇಲ್ಲ. ವಿದ್ಯೆ, ಸತ್ಕರ್ಮಗಳೆರಡೂ ಉಳ್ಳವರು, ಒಂದೊಂದೇ ಉಳ್ಳವರು, ಎರಡೂ ಇಲ್ಲದವರು—ಎಲ್ಲರನ್ನೂ ಒಂದೇ ಹಿಡಿಯಲ್ಲಿ ಹಿಡಿದರೆ ಮಾತ್ರ ಪ್ರಾರ್ಥನೆ ಸಲ್ಲುತ್ತದೆ ಎಂದು ಅವರ ಹಳೆಯ ವ್ಯಾಖ್ಯಾನಕಾರರ ವಿವರಣೆ. ತರಗತಿಯಲ್ಲಿ ನಿಂತು ಹಾಜರಿ ಕೂಗಿದ ಯಾವ ಉಪಾಧ್ಯಾಯನಿಗೂ ಇದು ಅರ್ಥವಾಗುತ್ತದೆ.

ಮಾದಲದ ಪ್ರಯಾಣವೂ ಸಣ್ಣದಲ್ಲ. ನಿಂಬೆಯ ವಂಶದ ಮೂಲ ಹಿಮಾಲಯದ ಆಗ್ನೇಯದ ತಪ್ಪಲೆಂದು ತಳಿಶಾಸ್ತ್ರಜ್ಞರು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಜೆರುಸಲೇಮಿನ ಸಮೀಪ ರಾಮತ್ ರಾಹೇಲಿನಲ್ಲಿ ಪಾರಸೀಕ ಕಾಲದ ಅರಸು ತೋಟವೊಂದನ್ನು ಅಗೆದಾಗ, ಗಾರೆಯಲ್ಲಿ ಸಿಕ್ಕಿಕೊಂಡಿದ್ದ ಮಾದಲದ ಪರಾಗ ದೊರೆಯಿತು. ಅದಕ್ಕೆ ಎರಡು ಸಾವಿರದ ನಾನೂರು ವರ್ಷಕ್ಕೂ ಮೇಲಿನ ವಯಸ್ಸು. ನಮ್ಮ ನಾಡಿನ ಕಡೆಯ ಹಣ್ಣು ಪರ್ಷಿಯವನ್ನು ಹಾದು ಯೆಹೂದ್ಯರ ಕೈಸೇರಿ, ಅವರೊಡನೆ ಮತ್ತೆ ಕೊಚ್ಚಿಗೆ ಬಂದದ್ದನ್ನು ಯಜಮಾನರಿಗೆ ಹೇಳಬೇಕೆಂದು ಈಗ ಅನ್ನಿಸುತ್ತದೆ. ಆ ರಾತ್ರಿ ನಾನು ಹೇಳಿದ್ದು, ಇದರಿಂದ ನಮ್ಮಲ್ಲಿ ಉಪ್ಪಿನಕಾಯಿ ಹಾಕುತ್ತಾರೆ ಎಂದಷ್ಟೆ. ಅವರಿಗೆ ನಗು ತಡೆಯಲಾಗಲಿಲ್ಲ.

ಮನೆಯ ಹಬ್ಬ ಇಷ್ಟು. ದೇವಾಲಯದ ಹಬ್ಬದ ಆತಂಕ ಬೇರೆ. ಯೆಹೂದ್ಯರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಮಂದಿ ಗಂಡಸರು ಸೇರಬೇಕು. ಹತ್ತಾಗದಿದ್ದರೆ ಧರ್ಮಗ್ರಂಥದ ಸುರುಳಿಯನ್ನು ತೆಗೆದು ಓದುವಂತಿಲ್ಲ. ಕೊಚ್ಚಿ ಸೀಮೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚಾಗಿದ್ದ ಜನ 1950ರ ದಶಕದಲ್ಲಿ ಇಸ್ರೇಲಿಗೆ ಹೊರಟುಹೋದ ಮೇಲೆ ಈ ಹತ್ತರ ಲೆಕ್ಕ ಉಳಿದವರ ನಿತ್ಯದ ಚಿಂತೆಯಾಯಿತು. ಹಬ್ಬದ ದಿನ ವಾಹನ ಹತ್ತಬಾರದಾದ್ದರಿಂದ, ಎರ್ನಾಕುಲದಲ್ಲಿದ್ದವರು ಹಿಂದಿನ ಸಂಜೆಯೇ ದೋಣಿಯಲ್ಲಿ ಬಂದು ಉಳಿದುಕೊಳ್ಳಬೇಕು. ನಾನಿದ್ದ ವರ್ಷ ಬೀದಿಯಲ್ಲಿ ಎಂಟು ಮಂದಿ. ಯಜಮಾನರು ಗುಡಿಸಲಿನ ಗರಿಯನ್ನು ಸರಿಪಡಿಸುತ್ತಲೇ ಎರಡೆರಡು ಸಲ ಬಾಗಿಲಿಗೆ ಹೋಗಿ ಬೀದಿಯನ್ನು ನೋಡಿ ಬಂದರು. ಹೊತ್ತು ಇಳಿಯುವುದಕ್ಕೆ ಸ್ವಲ್ಪವೇ ಮುಂಚೆ ಕೊಡೆ ಹಿಡಿದ ಇಬ್ಬರು ಮೂಲೆಯಲ್ಲಿ ಕಾಣಿಸಿದರು. “ಈ ವರ್ಷಕ್ಕೆ ಆಯಿತು, ಮಾಷೆ” ಎಂದು ಮಾತ್ರ ಹೇಳಿ ಅವರು ಕೈ ತೊಳೆಯಲು ಒಳಗೆ ಹೋದರು.

ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಒಳಗೆ ಹೋಗುವವರು ನಮ್ಮ ಗುಡಿಗಳಲ್ಲಿಯಂತೆ ಪಾದರಕ್ಷೆಯನ್ನು ಹೊರಗೆ ಬಿಡುತ್ತಾರೆ. ನೆಲಕ್ಕೆ ಹಾಸಿರುವ ನೀಲಿಯ ಚೀನೀ ಬಿಲ್ಲೆಗಳು ಹದಿನೆಂಟನೆಯ ಶತಮಾನದವು. ಬೆಳಗ್ಗೆ ಹತ್ತು ಮಂದಿ ಆ ತಣ್ಣನೆಯ ನೆಲದ ಮೇಲೆ ನಾಲ್ಕು ಬಗೆಯ ಗಿಡಗಳನ್ನು ಹಿಡಿದು ನಡುವಣ ವೇದಿಕೆಗೆ ಪ್ರದಕ್ಷಿಣೆ ಬಂದರು. ಮೊದಲ ದಿನಗಳಲ್ಲಿ ಒಂದೊಂದು ಸುತ್ತು, ಏಳನೆಯ ದಿನ ಏಳು ಸುತ್ತು, ಆಮೇಲೆ ನೀರವಂಜಿಯನ್ನು ನೆಲಕ್ಕೆ ಬಡಿಯುವುದು. ಎಂಟನೆಯ ದಿನ ಮಳೆಗಾಗಿ ಪ್ರಾರ್ಥನೆ. ತೊಯ್ದು ತೊಪ್ಪೆಯಾದ ಕೊಚ್ಚಿಯಲ್ಲಿ ನಿಂತು ಮಳೆ ಬೇಡುವುದನ್ನು ನೆನೆದರೆ ವಿಚಿತ್ರವೆನ್ನಿಸುತ್ತದೆ. ಆದರೆ ಅವರು ಬೇಡುವುದು ಜೆರುಸಲೇಮಿನ ಹೊಲಕ್ಕೆ. ಕೊನೆಯ ದಿನ, ಸಿಂಹತ್ ತೋರಾ, ಇಡೀ ವರ್ಷದ ಪಾರಾಯಣ ಮುಗಿದು ಮತ್ತೆ ಮೊದಲಾಗುವ ದಿನ. ಅಂದು ಬೆಳ್ಳಿಬಂಗಾರದ ಕರಂಡಗಳಲ್ಲಿರುವ ಸುರುಳಿಗಳನ್ನು ಎತ್ತಿಕೊಂಡು ಹಾಡುತ್ತ ಗುಡಿಯ ಹೊರಗೂ ಸುತ್ತು ಬರುವುದು ಕೊಚ್ಚಿಯವರ ವಿಶೇಷ. ನಮ್ಮ ಉತ್ಸವಮೂರ್ತಿಯ ಮೆರವಣಿಗೆಯನ್ನು ಬಲ್ಲವರು ಇದು ಎಲ್ಲಿಯ ಗಾಳಿ ಎಂದು ಕೇಳಬೇಕಾಗಿಲ್ಲ.

ಕನ್ನಡ ನಾಡಿನಲ್ಲಿಯೂ ಯೆಹೂದ್ಯರು ಇದ್ದರು. ಹತ್ತರ ಭಾಗ್ಯ ಅವರಿಗೆ ಇನ್ನೂ ದುರ್ಲಭ. ಟುನೀಸಿಯದ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರ ವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿ ನೆಲಸಿ, ಹಿತ್ತಾಳೆಯ ಕಾರ್ಖಾನೆ ನಡೆಸಿ, ಮೆಣಸು ಅಡಕೆಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಆಶು ಎಂಬ ತುಳುನಾಡಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ. ಅವನ ಕಾಗದಗಳು ಹಳೆಯ ಕೈರೋವಿನ ಸಿನಗಾಗಿನಲ್ಲಿ ಉಳಿದುಬಂದು, ಗೋಯ್ಟೈನರ ಸಂಶೋಧನೆಯಿಂದಲೂ ಅಮಿತಾವ್ ಘೋಷರ 1992ರ ಪುಸ್ತಕದಿಂದಲೂ ಲೋಕಕ್ಕೆ ತಿಳಿದವು. ನೇತ್ರಾವತಿಯ ಬದಿಯಲ್ಲಿ ಆ ಮನುಷ್ಯ ತೆಂಗಿನ ಗರಿಯ ಕೆಳಗೆ ಕುಳಿತು ಹುಣ್ಣಿಮೆಯನ್ನು ನೋಡಿದ್ದನೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಬಿನ್ನಹದಂತೆ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಮೈಸೂರು ರಸ್ತೆಯಲ್ಲಿ ರುದ್ರಭೂಮಿಗೆ ಜಾಗ ಕೊಟ್ಟರು. ಚಾಮರಾಜನಗರದಿಂದ ಬೆಂಗಳೂರಿಗೆ ಹೋಗುವ ನಮ್ಮ ಕಡೆಯ ಬಸ್ಸುಗಳು ಆ ದಾರಿಯಲ್ಲೇ ಊರು ಸೇರುವುದು. ಮಡಿದವರಿಗೆ ನೆಲ ದೊರೆಯಿತು. ಸಿನಗಾಗ್ ಮಾತ್ರ ಏಳಲಿಲ್ಲ. ಮೋಸೆಸ್ ಅವರ ಮನೆಯೇ ಪ್ರಾರ್ಥನೆಯ ಸ್ಥಳವಾಗಿತ್ತು. ಇಂಥ ಊರುಗಳಲ್ಲಿ ಗುಡಿಸಲಿನ ಹಬ್ಬದ ಬೆಲೆ ತಿಳಿಯುತ್ತದೆ. ಸುರುಳಿಯನ್ನು ಓದಲು ಹತ್ತು ಮಂದಿ ಬೇಕು. ಗರಿಯ ಕೆಳಗೆ ಕುಳಿತು ಮಂತ್ರ ಹೇಳಲು ಒಬ್ಬ ಸಾಕು.

ಮಟ್ಟಾಂಚೇರಿಯಲ್ಲಿಯೇ ಕಡವುಂಭಾಗಂ ಎಂಬ ಇನ್ನೊಂದು ಸಿನಗಾಗ್ ಇತ್ತು. ಅದರ ಒಳಗಿನ ಮರಗೆಲಸವನ್ನು ಬಿಚ್ಚಿ ಸಾಗಿಸಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಜೋಡಿಸಿದ್ದಾರೆ; ಬರಿದಾಗಿ ನಿಂತಿದ್ದ ಕಟ್ಟಡದ ಗೋಡೆ 2019ರ ಮಳೆಗೆ ಕುಸಿಯಿತು. ನನ್ನ ಯಜಮಾನರ ಬೀದಿಯಲ್ಲಿ ಪರದೇಸಿ ಯೆಹೂದ್ಯರೆಂದು ಎಣಿಸಲು ಈಗ ಒಂದು ಕೈಯ ಬೆರಳುಗಳೂ ಹೆಚ್ಚು. ಹತ್ತು ಮಂದಿ ಸೇರುವುದು ಪ್ರವಾಸಿಗಳ ದೆಸೆಯಿಂದ. ಹೋದವರು ನೆಗೆವ್ ಮರುಭೂಮಿಯ ನೆವಾತಿಂ ಮುಂತಾದ ಹಳ್ಳಿಗಳಲ್ಲಿ ಬೇರೂರಿದ್ದಾರೆ. ಆ ದೇಶದಲ್ಲಿ ಮಾಡಿಗೆ ಸುಲಭವಾಗಿ ಸಿಕ್ಕುವುದು ಖರ್ಜೂರದ ಗರಿ. ತೆಂಗಿನ ಗರಿಗೆ ಹೋಲಿಸಿದರೆ ಒರಟು, ಮುಳ್ಳೂ ಉಂಟು, ಕಟ್ಟುವವರು ಕೈಗೆ ಬಟ್ಟೆ ಸುತ್ತಿಕೊಳ್ಳಬೇಕಾಗುತ್ತದೆ.