ಟಿಎ-4 ಎಂಬ ಗುರುತು

ಮುಂಬಯಿಯ ಘಾಟ್ಕೋಪರಿನಿಂದ ಸ್ಲೋ ಲೋಕಲ್ ಹಿಡಿದರೆ ಪರೇಲ್ ಆರನೆಯ ಸ್ಟೇಷನ್. ನಮ್ಮ ಚಾಳಿನ ಅಕ್ಕ ಒಬ್ಬರ ಜೊತೆಗೆ ಟಾಟಾ ಆಸ್ಪತ್ರೆಗೆಂದು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ. ಅವರಿಗೆ ಗರ್ಭಕಂಠದ ಕ್ಯಾನ್ಸರ್. ಮಡಿಲಲ್ಲಿ ಸದಾ ಒಂದು ಪ್ಲಾಸ್ಟಿಕ್ ಫೈಲು. ರೇಡಿಯೇಷನ್ ಮುಗಿದ ಮೇಲೆ ಬಂದ ರಿಪೋರ್ಟಿನಲ್ಲಿ ‘ಎಸ್‌ಸಿಸಿ ಆಂಟಿಜನ್’ ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಮೊದಲು 14.2 ಇತ್ತು, ಈಗ 1.1. ಇಳಿದಿದೆಯಲ್ಲ ತಮ್ಮಾ, ಇನ್ನು ಬರುವುದು ಬೇಡ ಅಲ್ವಾ?”

ಆ ಸಾಲು ರಿಪೋರ್ಟಿಗೆ ಬಂದದ್ದು ಜಪಾನಿನಿಂದ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೆಚ್ಚಿನವು ಚಪ್ಪಟೆ ಕೋಶಗಳಲ್ಲಿ ಹುಟ್ಟುವಂಥವು. ಅಂಥ ಗಡ್ಡೆಯಿಂದ ಅಲ್ಲಿನ ಸಂಶೋಧಕರಾದ ಕಾಟೊ ಮತ್ತು ತೊರಿಗೊಯೆ ಒಂದು ಪ್ರೋಟೀನನ್ನು ಬೇರ್ಪಡಿಸಿ ಟಿಎ-4 ಎಂದು ಕರೆದರು. ರಿಪೋರ್ಟಿನ ‘ಎಸ್‌ಸಿಸಿ ಆಂಟಿಜನ್’ಗೆ ಮೂಲ ಅದೇ. ಗಡ್ಡೆಯಲ್ಲಿ ಸಿಕ್ಕಿದ್ದು ರಕ್ತದಲ್ಲೂ ಇದೆಯೇ? ಇದ್ದರೂ ಅದು ಮಿಲಿಲೀಟರಿಗೆ ಕೆಲವೇ ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕ. ಅಷ್ಟು ಸಣ್ಣದನ್ನು ಅಳೆಯುವ ತಕ್ಕಡಿಯನ್ನು ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಆಗಲೇ ಕಟ್ಟಿಕೊಟ್ಟಿದ್ದರು: ವಿಕಿರಣದ ಗುರುತು ಹಚ್ಚಿ ಎಣಿಸುವ ರೇಡಿಯೋಇಮ್ಯುನೊಅಸ್ಸೆ. ಅದರಿಂದ ಟಿಎ-4 ಅಳೆದ ಕಾಟೊ ಅವರ ಪ್ರಬಂಧ ಬಂದದ್ದು 1977ರಲ್ಲಿ. ಯಾಲೋ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಅಳತೆ ಸಿಕ್ಕಿದ ಮೇಲೆ ರೋಗದ ನಡೆ ಕಾಣತೊಡಗಿತು. ಗಡ್ಡೆ ದೊಡ್ಡದಾದಷ್ಟೂ, ದುಗ್ಧಗ್ರಂಥಿಗಳಿಗೆ ಹಬ್ಬಿದಷ್ಟೂ ಅಂಕಿ ಏರುತ್ತಿತ್ತು. ಚಿಕಿತ್ಸೆ ಹಿಡಿದರೆ ಇಳಿಯುತ್ತಿತ್ತು. ಇಳಿಯದೆ ನಿಂತರೆ ಒಳಗೆ ರೋಗ ಉಳಿದಿರಬಹುದು. ಇಳಿದದ್ದು ಮತ್ತೆ ಏರಿದರೆ, ಎಷ್ಟೋ ಸಲ ನೋವು, ರಕ್ತಸ್ರಾವ ಕಾಣಿಸುವ ಮೊದಲೇ, ರೋಗ ಮರಳಿರುವ ಸೂಚನೆ. ಅಕ್ಕನಿಗೆ ನಾನು ಹೇಳಿದ್ದೂ ಇದನ್ನೇ. 1.1 ಒಳ್ಳೆಯ ಸುದ್ದಿ, ಆದರೆ ಮುಂದಿನ ಅಂಕಿ ಗೊತ್ತಾಗಬೇಕಾದರೆ ಮುಂದಿನ ಸಲವೂ ಬರಲೇಬೇಕು.

ಟಿಎ-4 ಕ್ಯಾನ್ಸರಿನ ಖಾಸಾ ಸೊತ್ತೇನೂ ಅಲ್ಲ ಎಂಬುದು ನಿಧಾನವಾಗಿ ತಿಳಿಯಿತು. 1991ರಲ್ಲಿ ಅದರ ವಂಶವಾಹಿಯನ್ನು ಓದಿದಾಗ, ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಸರ್ಪಿನ್ ಎಂಬ ಕುಟುಂಬಕ್ಕೆ ಅದು ಸೇರಿದ್ದೆಂದು ಗೊತ್ತಾಯಿತು. 1995ರಲ್ಲಿ ಇನ್ನೊಂದು ಅಚ್ಚರಿ: 18ನೆಯ ಕ್ರೋಮೊಸೋಮಿನಲ್ಲಿ ಒಂದರ ಪಕ್ಕ ಒಂದು, ಅವಳಿಗಳಂತೆ ಎರಡು ವಂಶವಾಹಿ. ನಮ್ಮ ಚರ್ಮದಲ್ಲೂ ಈ ಪ್ರೋಟೀನು ಇದೆ. ಹಾಗಾಗಿ ಸೋರಿಯಾಸಿಸ್ ಇದ್ದರೂ, ಕಿಡ್ನಿ ಸೋತರೂ ಅಂಕಿ ಏರೀತು. ಲ್ಯಾಬಿನವರ ಬೆವರೋ ಎಂಜಲೋ ಟ್ಯೂಬಿಗೆ ತಾಗಿದರೂ ಸುಳ್ಳು ಏರಿಕೆ ಕಂಡೀತು. ಒಂದೇ ರಿಪೋರ್ಟು ನೋಡಿ ಎದೆಗುಂದಬಾರದು ಎನ್ನುವುದು ಇದಕ್ಕೇ.

ಆರಂಭದ ಹಂತದಲ್ಲಿ ಎಷ್ಟೋ ಹೆಂಗಸರಲ್ಲಿ ಈ ಅಂಕಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ ರೋಗ ಇದೆಯೋ ಇಲ್ಲವೋ ಎಂದು ಹುಡುಕಲು ಇದು ಸಲ್ಲ. ಆ ಕೆಲಸಕ್ಕೆ ಮುಂಬಯಿಯೇ ಇನ್ನೊಂದು ದಾರಿ ತೋರಿಸಿದೆ. 1998ರಿಂದ ಟಾಟಾ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಮತ್ತು ಜೊತೆಗಾರರು ನಗರದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಗರ್ಭಕಂಠಕ್ಕೆ ವಿನೆಗರಿನಂಥ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡಿದರು. 2013ರಲ್ಲಿ ಫಲಿತಾಂಶ ಹೊರಬಂತು: ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 31 ಕಡಿಮೆ.

ಅಕ್ಕ ಈಗಲೂ ತಾರೀಕು ತಪ್ಪಿಸದೆ ಪರೇಲಿಗೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಮೂವತ್ತು ದಾಟಿದ ಅಕ್ಕ, ಅತ್ತಿಗೆ, ಅಮ್ಮ ಇದ್ದರೆ, ಏನೂ ತೊಂದರೆ ಇಲ್ಲದಾಗಲೇ ಅವರನ್ನು ಒಮ್ಮೆ ಗರ್ಭಕಂಠದ ತಪಾಸಣೆಗೆ ಕರೆದುಕೊಂಡು ಹೋಗಿ.